ನಡಾವಳಿಯಲ್ಲಿ ಇಲ್ಲದ ಮಾತು

ಮಾರ್ಚ್ 3

ಟಪಾಲು ವಿಂಗಡಿಸಿದೆ, ಹಾಜರಿ ಪುಸ್ತಕ ಮುಚ್ಚಿದೆ. ಮಧ್ಯಾಹ್ನ ಚೀಟಿ ಎತ್ತಿದರು — ನಾಗರಿಕ ಸಭೆಗೆ ನಲವತ್ತು ಜನ. ನೀರು ಹೇಗೆ ಹಂಚಬೇಕೆಂದು ಇವರು ಹೇಳಬೇಕಂತೆ, ಪುರಸಭೆ ಕೇಳಬೇಕಂತೆ! ಬಸ್ ಡ್ರೈವರ್, ಬೇಕರಿಯವ, ಮತ್ತೆ... ನನ್ನ ತಂಗಿ. ಟೈಲರ್. ನೀರಿನ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಫೈಲು ಹೊತ್ತವಳು ನಾನು. ನೌಕರರ ಹೆಸರು ಡಬ್ಬಿಯಲ್ಲೇ ಇರಲಿಲ್ಲ. ನನ್ನ ಪಾಲಿಗೆ ನಡಾವಳಿ ಬರೆಯುವ ಕೆಲಸ.

ಮಾರ್ಚ್ 10

ಮೊದಲ ಸಭೆ. ಒಬ್ಬರ ಮಾತು ಒಬ್ಬರಿಗೆ ಕೇಳಿಸದಷ್ಟು ಗದ್ದಲ. ಇವರಿಂದ ಆಡಳಿತ ಉದ್ಧಾರವಾದ ಹಾಗೇ! ತಂಗಿ ತುಟಿ ಬಿಚ್ಚಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

ಮಾರ್ಚ್ 17

ಮೇಲಿನ ಓಣಿಗೆ ನೀರು ಹತ್ತುವುದಿಲ್ಲ. ದೊಡ್ಡ ಪಂಪು ಬೇಕೆಂದು ನಾಲ್ಕು ಸಲ ಟಿಪ್ಪಣಿ ಇಟ್ಟಿದ್ದೆ. ನಾಲ್ಕೂ ಸಲ 'ಪರಿಶೀಲಿಸಿ' ಎಂದು ವಾಪಸ್. ಇವತ್ತು ತಂಗಿ ಎದ್ದಳು. "ನೀರು ಬಿಡೋರನ್ನೇ ಕರ್ಸಿ ಕೇಳೋಣ" ಅಂದಳು. ನಮ್ಮ ವಿಭಾಗದ ವಾಲ್ವ್‌ಮನ್‌ನನ್ನು ಕರೆಸಿದರು.

"ಕೆಳಗಿನ ವಾಲ್ವ್ ಮುಚ್ಚಿ ಮೊದಲು ಮೇಲಕ್ಕೆ ಬಿಟ್ರೆ ಹತ್ತುತ್ತಮ್ಮ" ಅಂದ ಅವನು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ತಂಗಿಯ ಪ್ರಶ್ನೆ.

"ಯಾರು ಕೇಳಿದ್ರು?"

"ಹಾಗಾದ್ರೆ ಮೊದಲು ಮೇಲಕ್ಕೇ ಬಿಡ್ಲಿ" ಅಂದಳು ತಂಗಿ. ಚಪ್ಪಾಳೆಯೋ ಚಪ್ಪಾಳೆ. ಅವನ ರಜೆ ಅರ್ಜಿಗಳೆಲ್ಲ ನನ್ನ ಕೈ ದಾಟಿಯೇ ಹೋಗಿವೆ. ಒಂದು ಸಲವೂ ಕೇಳಬೇಕು ಅನಿಸಲಿಲ್ಲ.

ಮಾರ್ಚ್ 18

ನಡಾವಳಿ ಟೈಪ್ ಮಾಡಿದೆ. ಅದರಲ್ಲಿ ಇಲ್ಲದ್ದು ಪುರಸಭೆಗೆ ಹೋಗುವುದಿಲ್ಲ — ನಿಯಮ. ತಂಗಿಯ ಸಲಹೆ ಬಿಟ್ಟೆ. ಮರೆತಲ್ಲ. ಹೊಟ್ಟೆಕಿಚ್ಚು, ಅಷ್ಟೇ.

ಮಾರ್ಚ್ 31

ಕೊನೆಯ ಸಭೆ. ನಡಾವಳಿ ಓದಿದೆ. "ವಾಲ್ವ್ ವಿಷ್ಯ ಎಲ್ಲಿ ಹೋಯ್ತು ಮೇಡಂ?" ಅಂದ ಡ್ರೈವರ್. ಹುಡುಕುವವಳಂತೆ ಹಾಳೆ ತಿರುವಿದೆ. ತಂಗಿಯೇ ಅಡ್ಡ ಬಂದಳು.

"ನಮ್ಮಕ್ಕ ಹಾಗೆಲ್ಲ ಬಿಡೋಳಲ್ಲ. ನಾನೇ ಗಡಿಬಿಡೀಲಿ ಹೇಳಿದ್ದೆ, ಕೇಳ್ಸಿರಲ್ಲ. ಈಗ ನಿಧಾನಕ್ಕೆ ಹೇಳ್ತೀನಿ, ಬರ್ಕೊಳ್ಳಕ್ಕ."

ಮಕ್ಕಳಿಗೆ ಉಕ್ತಲೇಖನ ಹೇಳಿದಂತೆ ಹೇಳಿದಳು. ಬರೆದೆ. ನಲವತ್ತು ಕೈಗಳೂ ಮೇಲೆದ್ದವು.

ಏಪ್ರಿಲ್ 14, ಬೆಳಿಗ್ಗೆ 7

ಪುರಸಭೆ ಒಪ್ಪಿತು. ಇವತ್ತು ಮೇಲಿನ ಓಣಿಗೆ ನೀರು ಹತ್ತಿದೆ. ಸುದ್ದಿ ತಂದವಳು ತಂಗಿ. ಈಗ ನನ್ನ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಾಳೆ. ಹೊಟ್ಟೆ ಇನ್ನೂ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ. "ನೀನು ಬರೀದಿದ್ರೆ ಇದೆಲ್ಲ ಆಗ್ತಿತ್ತಾ ಅಕ್ಕ?" ಅಂತ ಅಲ್ಲಿಂದಲೇ ಕೂಗುತ್ತಾಳೆ.

ಹೇಳಿಬಿಡಬೇಕು. ಟೀ ತಂದಕೂಡಲೇ ಹೇಳುತ್ತೇನೆ. ಅವತ್ತು ನಾನು ಬೇಕೆಂದೇ—