‘ಯಾವು’ ಎಂದರೆ ‘ಬನ್ನಿ’ ಅಲ್ಲ

ದ್ವೀಪ ವಿಹಾರದ ದೋಣಿಗಳಿಗೆ ಪರವಾನಗಿ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ಗೆಳೆಯ ಶೋಧನ್ ಸಮುದ್ರದಲ್ಲಿ ಮುಳುಗುವಾಗ ‘ಸಾಕು’ ಎಂದು ಕೂಗಿದ. ನಿಮ್ಮ ವರದಿಯಲ್ಲಿ ಅವನು ‘ಬನ್ನಿ’ ಎಂದು ಕರೆದ ಎಂದು ಬರೆದಿದೆ. ನನ್ನ ದೂರು ಇಷ್ಟೇ. ಹೋದ ಜೀವವನ್ನು ನೀವು ತಂದು ಕೊಡಲಾರಿರಿ. ಆದರೆ ಅವನ ಬಾಯಿಗೆ ನೀವು ಹಾಕಿದ ಮಾತನ್ನು ತೆಗೆಯಬಹುದಲ್ಲ?

ನಿಮ್ಮ ವಾಕ್ಯ ಹೀಗಿದೆ: “ಮೃತರು ಅತ್ಯುತ್ಸಾಹದಿಂದ ಆಳದ ನೀರಿಗೆ ಸಾಗಿದ್ದಲ್ಲದೆ, ‘ಬನ್ನಿ, ಬನ್ನಿ’ ಎಂದು ಸಹಚರರನ್ನೂ ಆಹ್ವಾನಿಸಿರುತ್ತಾರೆ.” ಎಷ್ಟು ಚೆಂದದ ವಾಕ್ಯ. ಆಹ್ವಾನಿಸಲಿಕ್ಕೆ ಅದೇನು ಗೃಹಪ್ರವೇಶವೇ? ಮೂಗು ಬಾಯಿಗೆ ಉಪ್ಪುನೀರು ನುಗ್ಗುತ್ತಿರುವವನು ಯಾರನ್ನಾದರೂ ಅಷ್ಟು ಮರ್ಯಾದೆಯಿಂದ ಕರೆಯುತ್ತಾನೆಯೇ?

ನಾವು ಮಡಂತ್ಯಾರಿನಲ್ಲಿ ಶಾಮಿಯಾನ ಹಾಕುವವರು. ಶೋಧನ್, ಕಮಲಾಕ್ಷ, ಜಿನೇಶ್ ಮತ್ತು ನಾನು. ಉಳಿದವರಿಗೆ ರಜೆ ಇರುವ ಶನಿವಾರ, ಭಾನುವಾರವೇ ನಮಗೆ ಕೆಲಸ. ಧನುರ್ಮಾಸದಲ್ಲಿ ಮದುವೆಗಳಿಲ್ಲ, ಆದ್ದರಿಂದ ನಮಗೂ ರಜೆ. ದ್ವೀಪಕ್ಕೆ ಹೋಗುವ ಎಂದು ಹೊರಡಿಸಿದವನು ಶೋಧನ್. ಕನ್ನಡಕ ಹಾಕಿ, ಉಸಿರಾಡುವ ಕೊಳವೆ ಕಚ್ಚಿ, ನೀರಿನೊಳಗೆ ಮೀನು ನೋಡುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದ. ಮೀನನ್ನು ನಾವು ದಿನಾ ಮಾರ್ಕೆಟಿನಲ್ಲಿ ನೋಡುವುದಿಲ್ಲವಾ ಎಂದು ಕಮಲಾಕ್ಷ ಕೇಳಿದ. “ಅದು ನಾವು ಮಾತ್ರ ನೋಡುವ ಮೀನು ಮಾರಾಯ. ಇದು ನಮ್ಮನ್ನೂ ನೋಡ್ತದೆ,” ಎಂದ ಶೋಧನ್.

ಮೊದಲ ದ್ವೀಪದಲ್ಲಿ ಬಂಡೆ ಹತ್ತಿ, ಮನೆಯಿಂದ ತಂದ ಬನ್ಸ್ ತಿಂದು, ಫೋಟೋ ತೆಗೆದೆವು. ಎರಡನೆಯ ದ್ವೀಪಕ್ಕೆ ಹೋಗುವಾಗ ದೋಣಿ ಕುಣಿಯಿತು. ಕಮಲಾಕ್ಷ ದೋಣಿಯ ಕಂಬವನ್ನು ತಬ್ಬಿ ಕೂತಿದ್ದ. ಅದನ್ನು ಬಿಡು, ಅದು ನಾವು ನೆಟ್ಟದ್ದಲ್ಲ, ಗಟ್ಟಿ ಉಂಟು ಎಂದು ಶೋಧನ್ ಹಾಸ್ಯ ಮಾಡಿದ. ದೋಣಿಯಲ್ಲಿದ್ದ ಗೈಡ್ ದೂರದ ರಾಜ್ಯದ ಹುಡುಗ. ಸುರಕ್ಷತೆಯ ಮಾತನ್ನೆಲ್ಲ ಹಿಂದಿಯಲ್ಲಿ ಹೇಳಿದ. ನಮ್ಮಲ್ಲಿ ಹಿಂದಿ ಬರುವುದು ಮುಂಬಯಿಯ ಹೋಟೆಲಿನಲ್ಲಿ ದುಡಿದಿದ್ದ ಜಿನೇಶನಿಗೆ ಮಾತ್ರ. ಅವನು ತನಗೆ ನೆನಪಾದಷ್ಟನ್ನು ನಮಗೆ ಹೇಳಿದ. ಶೋಧನನ ಲೈಫ್ ಜಾಕೆಟಿಗೆ, ಅದು ಮೇಲೇರದಂತೆ ಕಟ್ಟುವ ಕೆಳಗಿನ ಪಟ್ಟಿ ಇರಲಿಲ್ಲ. ಪರವಾಗಿಲ್ಲ ಎಂದು ಗೈಡ್ ಕೈಸನ್ನೆ ಮಾಡಿದ.

ಇಲ್ಲಿ ಒಂದು ಶಬ್ದದ ಅರ್ಥ ಹೇಳಬೇಕು. ನಮ್ಮ ತುಳುವಿನಲ್ಲಿ ‘ಯಾವು’ ಎಂದರೆ ಸಾಕು. ಊಟದ ಎಲೆಗೆ ಕೈ ಅಡ್ಡ ಹಿಡಿದು ಎಲ್ಲರೂ ಹೇಳುವ ಮಾತು. ನಮ್ಮ ಕೆಲಸದಲ್ಲಿ ಅದಕ್ಕೆ ಇನ್ನೂ ಹೆಚ್ಚು ಬೆಲೆ. ಏಣಿಯ ಮೇಲಿದ್ದವನು ‘ಯಾವು’ ಎಂದರೆ ಕೆಳಗೆ ಹಗ್ಗ ಎಳೆಯುವವರು ಅಲ್ಲಿಗೇ ನಿಲ್ಲಬೇಕು. ಒಂದು ಗೇಣು ಹೆಚ್ಚು ಎಳೆದರೂ ಕಂಬ ಅವನ ಮೇಲೆ ಬೀಳುತ್ತದೆ. ಏಣಿಯ ಮೇಲೆ ಯಾವಾಗಲೂ ಶೋಧನ್ ಇರುತ್ತಿದ್ದ. ಅವನ ಆ ಮಾತಿಗೆ ನಾವು ಒಮ್ಮೆಯೂ ತಪ್ಪಿ ನಡೆದವರಲ್ಲ.

ನನಗೆ ನೀರಿನ ಹೆದರಿಕೆ. ನಾನು ದೋಣಿಯಲ್ಲೇ ಉಳಿದೆ. ಶೋಧನ್ ಮತ್ತು ಜಿನೇಶ್ ಇಳಿದರು. ಕಮಲಾಕ್ಷ ಇನ್ನೂ ಕಂಬ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸೆಳೆತ ಶೋಧನನನ್ನು ದೂರ ಒಯ್ಯಿತು. ಅವನ ಕೊಳವೆ ಬಾಯಿಂದ ಜಾರಿತ್ತು, ಜಾಕೆಟ್ ಕಿವಿಯವರೆಗೆ ಏರಿತ್ತು. ಅವನು ಕೈ ಎತ್ತಿ “ಯಾವು, ಯಾವು” ಎಂದು ಕೂಗಿದ. ಗೈಡಿಗೆ ಅದು ‘ಆವೋ, ಆವೋ’ ಎಂದು ಕೇಳಿತು. ಅವನ ಹಿಂದಿಯಲ್ಲಿ ಹಾಗೆಂದರೆ ಬನ್ನಿ. ಅವನು ನಕ್ಕು, ನಿನ್ನನ್ನು ಕರೆಯುತ್ತಿದ್ದಾನೆ ಎಂದು ಕೈ ತೋರಿಸಿ ಕಮಲಾಕ್ಷನನ್ನೂ ನೀರಿಗೆ ಇಳಿಸಿದ. ನಾನು ಎದ್ದು ನಿಂತು, ಅವನಿಗೆ ಸಾಕಾಗಿದೆ, ಎಳೆಯಿರಿ ಎಂದು ತುಳುವಿನಲ್ಲಿ ಹೇಳಿದೆ, ಕನ್ನಡದಲ್ಲಿ ಹೇಳಿದೆ. ಮುಂದಿನ ಸರದಿ ನಿನ್ನದೇ ಎಂಬಂತೆ ಗೈಡ್ ನನ್ನ ಬೆನ್ನು ತಟ್ಟಿದ. ದೋಣಿಯ ಆಚೆ ಬದಿಯಲ್ಲಿದ್ದ ಜಿನೇಶ್ ನೀರಿನಿಂದ ತಲೆ ಎತ್ತಿ, ನನ್ನ ಕೂಗು ಕೇಳಿ, ಹಿಂದಿಯಲ್ಲಿ ಕಿರುಚಿದ ಮೇಲೆಯೇ ಗೈಡ್ ನೀರಿಗೆ ಹಾರಿದ್ದು. ಕಮಲಾಕ್ಷನನ್ನೂ ಸೆಳೆತ ಎಳೆಯುತ್ತಿತ್ತು, ಆದರೆ ಹತ್ತಿರವಿದ್ದದ್ದಕ್ಕೆ ಅವನು ಸಿಕ್ಕಿದ. ಶೋಧನ್ ಸಿಗುವಾಗ ತಡವಾಗಿತ್ತು.

ಆ ಗೈಡನ್ನು ಜೈಲಿಗೆ ಹಾಕಿ ಎಂದು ನಾನು ಬರೆಯುತ್ತಿಲ್ಲ. ಅವನೂ ಒಬ್ಬ ತಾಯಿಯ ಮಗ. ಮರಳಿ ಬರುವಾಗ ದೋಣಿಯ ತಳದಲ್ಲಿ ಕೂತು ತಲೆ ಚಚ್ಚಿಕೊಳ್ಳುತ್ತಿದ್ದ. ಮುಳುಗುವವನು ಮತ್ತೆ ಯಾಕೆ ಬನ್ನಿ ಅಂದ ಎಂದು ಜಿನೇಶನನ್ನು ಕೇಳುತ್ತಲೇ ಇದ್ದ. ಅವನಿಗೆ ಈ ಕರಾವಳಿಯ ಜನ ‘ಸಾಕು’ ಎನ್ನುವುದು ಹೇಗೆ ಎಂದು ಯಾರಾದರೂ ಕಲಿಸಿದ್ದರೇ? ದೋಣಿಯ ಬಣ್ಣ, ಬಾವುಟ, ಎಂಜಿನ್ ಎಲ್ಲವನ್ನೂ ನೀವು ಪರೀಕ್ಷೆ ಮಾಡಿದ್ದೀರಂತೆ. ಕಿವಿ ಮಾತ್ರ ಬಿಟ್ಟುಹೋಯಿತೇ? ಅಥವಾ ಇಲ್ಲಿ ಮುಳುಗುವವರು ಮೊದಲು ಹಿಂದಿ ಕಲಿತು ಬರಬೇಕು ಎಂಬ ನಿಯಮ ಉಂಟೇ?

ಇನ್ನು ನಿಮ್ಮ ಕಚೇರಿಯ ವಿಷಯ. ಹೇಳಿಕೆ ಬರೆದುಕೊಂಡವರು ಘಟ್ಟದ ಮೇಲಿನವರು. ಶೋಧನ್ ಏನೆಂದ ಎಂದು ಕೇಳಿದರು. “ಯಾವು ಅಂದ,” ಎಂದೆ.

“ಯಾವುದು?”

“ಯಾವು.”

“ಅದನ್ನೇ ಕಣಯ್ಯ ಕೇಳ್ತಿರೋದು, ಯಾವುದು?”

ಅದು ತುಳು, ಸಾಕು ಎಂದು ಅರ್ಥ ಎಂದು ಹೇಳಿದೆ. ನನ್ನ ಸ್ವರ ಸಣ್ಣದು, ಜನರ ಎದುರು ಇನ್ನೂ ಸಣ್ಣದಾಗುತ್ತದೆ. ಆದರೂ ಎರಡು ಸಲ ಹೇಳಿದೆ. ಅವರು ಆಗಲೇ ಬರೆದಾಗಿತ್ತು: “ಮೃತನು ಯಾವುದೋ ಮಾತು ಹೇಳಿದನೆಂದು ಸಾಕ್ಷಿ ತಿಳಿಸಿರುತ್ತಾನೆ.” ನನ್ನ ‘ಯಾವು’ ನಿಮ್ಮಲ್ಲಿ ‘ಯಾವುದೋ’ ಆಯಿತು. ಗೈಡಿನ ‘ಆವೋ’ ಮಾತ್ರ ನಿಮಗೆ ಸರಿಯಾಗಿ ಅರ್ಥವಾಯಿತು.

ಒಂದು ಶಬ್ದದಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ವರದಿ ಪೇಪರಿನಲ್ಲಿ ಬಂದ ಮೇಲೆ ಕಮಲಾಕ್ಷನ ಅಮ್ಮ ಶೋಧನನ ಮನೆಗೆ ಬರುವುದನ್ನು ಬಿಟ್ಟರು. ಶೋಧನನ ತಾಯಿ ಕುಸುಮಕ್ಕನಿಗೆ ಅವರು ಸ್ವಂತ ತಂಗಿಯ ಹಾಗೆ ಇದ್ದವರು. ತಾನು ಸಾಯುವವನು ನನ್ನ ಮಗನನ್ನು ಯಾಕೆ ಕರೆಯಬೇಕಿತ್ತು ಎಂದು ಬಾವಿಕಟ್ಟೆಯಲ್ಲಿ ನಾಲ್ಕು ಜನರ ಎದುರು ಕೇಳಿದರಂತೆ. ಬೊಜ್ಜದ ದಿನ, ತೀರಿಹೋದವನಿಗೆ ಊರೆಲ್ಲ ಕೂತು ಉಣ್ಣುವ ದಿನ, ಅವರು ಬರಲಿಲ್ಲ. ಗೈಡ್ ಹೇಳಿದ್ದಕ್ಕೇ ತಾನು ಇಳಿದದ್ದು ಎಂದು ಕಮಲಾಕ್ಷ ಎಷ್ಟು ಹೇಳಿದರೂ ಅವರು ನಂಬುವುದಿಲ್ಲ. ಪೇಪರಿನಲ್ಲಿ ಬಂದದ್ದಲ್ಲವೇ, ಸರಕಾರವೇ ಬರೆದದ್ದಲ್ಲವೇ?

ಬೊಜ್ಜದ ಶಾಮಿಯಾನ ಹಾಕಿದವರು ನಾವೇ ಮೂವರು. ಬಿಚ್ಚುವಾಗ ಕುಸುಮಕ್ಕ ಹತ್ತಿರ ಬಂದು, ಬೇರೆಯವರ ಮಗನನ್ನು ನಮ್ಮವನು ಕರೆದದ್ದು ಹೌದಾ ಎಂದು ನನ್ನನ್ನು ಕೇಳಿದರು. ಅಲ್ಲ ಎಂದೆ. ಅವನು ಕೂಗಿದ್ದು ಏನೆಂದು ಹೇಳಿದೆ.

“ಹಾಗಾದರೆ ಅವ ಹೆದರಿದ್ದ,” ಎಂದರು.

ಅಷ್ಟರವರೆಗೆ ನಾನು ಅದನ್ನು ಯೋಚಿಸಿರಲಿಲ್ಲ. ನಿಮ್ಮ ವರದಿಯಲ್ಲಿ ಅವರ ಮಗ ತಪ್ಪು ಮಾಡಿದ್ದ, ಆದರೆ ಖುಷಿಯಲ್ಲಿ ಸತ್ತಿದ್ದ. ನನ್ನ ಮಾತಿನಿಂದ ಆ ಖುಷಿಯೂ ಹೋಯಿತು. ಅಧಿಕಾರಿಗಳಿಗೆ ಈ ದೂರು ಬರೆಯದೆ ಬಿಡುವ ಎಂದು ನಾನು ಹೇಳಿದೆ.

“ಬರೆ ಮಗಾ,” ಎಂದರು ಕುಸುಮಕ್ಕ. “ಹೆದರಿದ್ದ ಅಂತಲೇ ಬರೆ. ಅದನ್ನು ನಾನು ತಡೆದುಕೊಳ್ತೇನೆ. ಕರೆದ ಅಂತ ಬೇಡ.”

ಆದ್ದರಿಂದ ಬರೆದಿದ್ದೇನೆ. ವರದಿಯಿಂದ ‘ಬನ್ನಿ’ಯನ್ನು ತೆಗೆದು ‘ಸಾಕು’ ಎಂದು ಬರೆಯಿರಿ. ತಿದ್ದಿದ ವರದಿಯನ್ನು ಪೇಪರಿಗೆ ಕೊಡಿ, ಅದರ ಒಂದು ಪ್ರತಿಯನ್ನು ಕಮಲಾಕ್ಷನ ಮನೆಗೆ ಕಳಿಸಿ. ಕುಸುಮಕ್ಕನಿಗೆ ಕಳಿಸುವುದು ಬೇಡ. ಅವರಿಗೆ ಗೊತ್ತಾಗಿದೆ.

ಇಂತಿ,
ನಿಮ್ಮ ವರದಿಯ ‘ಇತರ ಮೂವರ’ಲ್ಲಿ ಕೇಳಿಸಿಕೊಂಡವನು,
ಪುಷ್ಪರಾಜ
ಮಡಂತ್ಯಾರು