ಕತ್ತರಿಸದೆ ಬಿಟ್ಟ ಜೋಡಿ

ಚಿಕ್ಕಮಗಳೂರು
23 ಫೆಬ್ರವರಿ 2025

ತನುಜಕ್ಕನಿಗೆ,

ರುದ್ರೇಶನ ನಮಸ್ಕಾರ. ಭಾವನವರ ಬೆನ್ನುನೋವು ಕಡಿಮೆಯಾಗಿರಬಹುದು ಎಂದುಕೊಂಡಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ನಾನು ಎತ್ತಲಿಲ್ಲ. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ಬಾಯಲ್ಲಿ ಹೇಳಲಾಗದ್ದಕ್ಕೆ ಬರೆಯುತ್ತಿದ್ದೇನೆ. ಹದಿನೈದು ದಿನ ತಡವಾಯಿತು, ಬೈಯಬೇಡ.

ನೀನು ಮೆಸೇಜಿನಲ್ಲಿ ಕೇಳಿದ್ದೆ: ‘ನಾನು ಹೇಳಿ ನಿನ್ನ ಅಂಗಡಿಗೆ ಸೇರಿಸಿದ ಯೋಗೇಶ ನಿಜವಾಗ್ಲೂ ಕದ್ದನಾ? ಅವನಮ್ಮ ಭಾಗಮ್ಮ ನಮ್ಮ ತೋಟಕ್ಕೆ ಬರ್ತಿಲ್ಲ. ಮಗನ ಹತ್ರ ಮಾತೂ ಬಿಟ್ಟಿದ್ದಾಳೆ.’ ನಡೆದದ್ದನ್ನು ಹೇಳುತ್ತೇನೆ.

ನಾನು ಮ್ಯಾನೇಜರ್ ಆಗಿರುವ ಈ ಅಂಗಡಿಯಂತೆ ನಮ್ಮ ಶೂ ಕಂಪನಿಗೆ ಊರೂರಲ್ಲಿ ಶೋರೂಂಗಳಿವೆ. ಹೊಲಿಗೆ ತಪ್ಪಿದ, ಎರಡು ವರ್ಷ ಮಾರಾಟವಾಗದ ಜೋಡಿಗಳನ್ನು ಯಾರೂ ಹಾಕಿಕೊಳ್ಳದಂತೆ ಬ್ಲೇಡಿನಿಂದ ಸೀಳಿ, ಫೋಟೋ ತೆಗೆದು ಕಳಿಸಬೇಕು. ಪುಕ್ಕಟೆ ಸಿಕ್ಕರೆ ಕೊಳ್ಳುವವರು ಯಾರು ಎಂಬುದು ಮೇಲಿನವರ ಮಾತು. ಜನವರಿ ಕೊನೆಗೆ ಒಂದೇ ದಿನ ಅರವತ್ತು ಜೋಡಿ ಸೀಳಿದೆವು. ಬಿಲ್ಲಿಂಗಿನ ಭವ್ಯಾ, ‘ಸಾರ್, ಮಾರೋದ್ರಲ್ಲಿ ಆಗ್ದಿದ್ದ ಟಾರ್ಗೆಟ್ ಸೀಳೋದ್ರಲ್ಲಾದ್ರೂ ಮುಗೀತು’ ಎಂದಳು. ಎಲ್ಲರೂ ನಕ್ಕೆವು.

ಸೀಳಬೇಕಿದ್ದವುಗಳಲ್ಲಿ ಒಂದು ಜೋಡಿ ಮಾತ್ರ ಸೀಳದೆ ಭಾಗಮ್ಮನ ಕಾಲಿಗೆ ಹೋಗಿತ್ತು. ಅವಳ ಸಕ್ಕರೆ ಕಾಯಿಲೆಯ ಗಾಯ ನಿನಗೆ ಗೊತ್ತಲ್ಲ. ಬರಿಗಾಲಲ್ಲಿ ನಡೆಯಬಾರದು ಎಂದು ಡಾಕ್ಟರ್ ಹೇಳಿದ್ದರು.

ಫೆಬ್ರವರಿ ಎಂಟರಂದು ಮೈಸೂರಿನಿಂದ ಏರಿಯಾ ಮ್ಯಾನೇಜರ್ ಏಕಾಂತಪ್ಪ ಬಂದಿದ್ದರು. ಆಸ್ಪತ್ರೆಗೆಂದು ಆಲ್ದೂರಿನಿಂದ ಬಂದಿದ್ದ ಭಾಗಮ್ಮ, ಮಗ ಕೆಲಸ ಮಾಡುವ ಜಾಗ ನೋಡೋಣವೆಂದು ಅದೇ ಹೊತ್ತಿಗೆ ಒಳಗೆ ಬಂದಳು. ಹಸಿರು ಪಟ್ಟಿಯ ಆ ಶೂ ಹಾಕಿಕೊಂಡೇ.

‘ಅಮ್ಮಾ, ಈ ಶೂ ಎಲ್ಲಿ ತಗೊಂಡ್ರಿ?’ ಏಕಾಂತಪ್ಪ ಕೇಳಿದರು.

‘ನನ್ನ ಮಗ ಕೊಟ್ಟಿದ್ದು ಸಾರ್, ಇದೇ ಅಂಗಡೀದು. ಹತ್ತಿ ಮೇಲೆ ನಡ್ದಂಗಾಗ್ತದೆ’ ಎಂದು ಕಾಲೆತ್ತಿ ತೋರಿಸಿದಳು.

ಆ ಮಾದರಿಯನ್ನು ಎಲ್ಲೂ ಮಾರುತ್ತಿಲ್ಲವೆಂದು ಅವರಿಗೆ ಗೊತ್ತಿತ್ತು. ಅವಳನ್ನು ಗಿರಾಕಿಗಳ ಸ್ಟೂಲಿನ ಮೇಲೆ ಕೂರಿಸಿ ಶೂ ಬಿಚ್ಚಿಸಿದರು. ಯೋಗೇಶನ ಕೈಗೆ ಬ್ಲೇಡು ಕೊಟ್ಟು, ‘ಅವತ್ತು ಬಿಟ್ಟಿದ್ದನ್ನ ಈಗ ಮಾಡಪ್ಪ’ ಎಂದರು. ಅವನು ತಾಯಿಯ ಎದುರೇ ಸೀಳಿದ. ‘ವಾಪಸ್ ಇಟ್ಕೊಳ್ಳಿ ಸಾರ್, ಕುಯ್ಯೋದ್ಯಾಕೆ, ಚೆನ್ನಾಗೇ ಇದ್ಯಲ್ಲ’ ಎಂದು ಅವಳು ಹೇಳುತ್ತಲೇ ಇದ್ದಳು. ನಾನು ಒಂದು ಜೋಡಿ ಚಪ್ಪಲಿ ಬಿಲ್ ಮಾಡಿಸಿ ಅವಳ ಹಿಂದೆ ಹೋದೆ. ‘ಬೇಡ ಸಾರ್, ಇದಕ್ಕೂ ಏನಾದ್ರೂ ಅಂತಾರೆ’ ಎಂದು ಬಸ್ ಸ್ಟ್ಯಾಂಡಿಗೆ ಬರಿಗಾಲಲ್ಲೇ ನಡೆದಳು.

ಯೋಗೇಶನ ಕೆಲಸ ಹೋಯಿತು, ಹೆಸರು ಕಂಪನಿಯಲ್ಲಿ ಕಳವು ಮಾಡಿದವರ ಪಟ್ಟಿಗೆ ಸೇರಿತು. ಆರು ವರ್ಷ ದುಡಿದವನನ್ನು ಇನ್ನು ಯಾವ ಶೋರೂಂ ಕೂಡ ಸೇರಿಸುವುದಿಲ್ಲ. ನನಗೆ ಎಚ್ಚರಿಕೆಯ ಪತ್ರವಷ್ಟೇ ಬಂತು. ಈಗಲೂ ಹತ್ತಕ್ಕೆ ಷಟರ್ ಎತ್ತುತ್ತೇನೆ, ಬಂದವರ ಪಾದ ಅಳೆಯುತ್ತೇನೆ. ಮುಖ ನೋಡಲು ಆಗುವುದಿಲ್ಲ.

ಧನ್ಯಾಳ ಪರೀಕ್ಷೆ ಹತ್ತಿರ ಬಂತು. ಹೆದರದೆ ಬರೆಯಲಿ, ಅವಳಿಗೆ ನನ್ನ ಆಶೀರ್ವಾದ. ಮನೆಯವರೆಲ್ಲ ಸುಖವಾಗಿರಿ.

ನಿನ್ನ ತಮ್ಮ
ರುದ್ರೇಶ್

ಹೆಸರು ಬರೆದ ಮೇಲೆ ಮತ್ತೆ ಪೆನ್ನು ಹಿಡಿದಿದ್ದೇನೆ. ಯೋಗೇಶ ಕದಿಯಲಿಲ್ಲ ಅಕ್ಕ. ಅವನು ಆ ಜೋಡಿಗೆ ಬ್ಲೇಡು ಇಟ್ಟಾಗ ತಡೆದು, ‘ಇದೊಂದು ಬಿಡು ಮಾರಾಯ, ಅಮ್ಮಂಗೆ ತಗೊಂಡ್ಹೋಗು’ ಎಂದವನು ನಾನು. ಅವನು ಬೇಡವೆಂದರೂ ಚೀಲಕ್ಕೆ ಹಾಕಿದ್ದು ನಾನು. ಲೆಕ್ಕ ಸರಿಹೋಗಲೆಂದು ಬೇರೆ ಜೋಡಿಯ ಫೋಟೋವನ್ನೇ ಎರಡು ಸಲ ಕಳಿಸಿದ್ದೂ ನಾನೇ. ‘ಯಾರು ಹೇಳಿದ್ದು ತಗೊಂಡ್ಹೋಗೋಕೆ?’ ಎಂದು ಏಕಾಂತಪ್ಪ ಮೂರು ಸಲ ಕೇಳಿದರು. ನಾನು ಹೇಳುತ್ತೇನೆಂದು ಯೋಗೇಶ ಕಾದ. ನಾನು ಕಂಪ್ಯೂಟರ್ ನೋಡುತ್ತಿದ್ದೆ. ಕೊನೆಗೆ ಅವನು, ‘ಯಾರೂ ಇಲ್ಲ ಸಾರ್, ನಾನೇ’ ಎಂದ.

ಈ ಕಾಗದವನ್ನು ಭಾಗಮ್ಮನಿಗೆ ಓದಿ ಹೇಳಬೇಡ. ನನಗೆ ನಲವತ್ತೆಂಟು ದಾಟಿತು, ಇನ್ನೆಲ್ಲೂ ಕೆಲಸ ಸಿಗುವುದಿಲ್ಲ. ಓದಿ ಒಲೆಗೆ ಹಾಕು.