ಭುಜಕ್ಕೆ ತಾಗದ ಚೆಂಡು

ಮಂಗಳವಾರ, 8 ಮಾರ್ಚ್ 1988

ಎಡತೊಡೆ ಪರವಾಗಿಲ್ಲ. ಮೆಟ್ಟಿಲಿಳಿಯುವಾಗ ಒಂದು ಸಲ ಚುಳುಕ್ ಎಂದಿತು, ಅಷ್ಟೇ. ತೊಡೆನೋವು ದಿನಾ ಬರೆದಿಡು ಎಂದು ಮೂರು ವರ್ಷದ ಹಿಂದೆ ಫಿಸಿಯೋ ಹೇಳಿದ್ದು. ಈಗ ತೊಡೆಯ ಜೊತೆ ಉಳಿದದ್ದನ್ನೂ ಬರೆಯುವ ಚಟ. ಡೊರೀನ್ ಇದನ್ನು ಓದುವುದಿಲ್ಲ. "ಹೆಂಡ್ತಿ ಆದ್ಮೇಲೆ ನಿನ್ ತೊಡೆ ಕಥೆ ಕೇಳೋದೇ ಸಾಕು, ಓದೋದ್ ಬೇರೆ ಕೇಡು" ಎನ್ನುತ್ತಾಳೆ.

ಪ್ರಾಕ್ಟೀಸಿಗೆ ಎಂದಿನಂತೆ ತಂಡದ ಗೆಳೆಯ ನೆವ್‌ನ ಕಾರಲ್ಲಿ. ಹನ್ನೊಂದು ವರ್ಷದಿಂದ ಅದೇ ಕಾರು, ಅದೇ ಕೆಟ್ಟ ಹೀಟರ್. ಮಂಡಿ ಮೇಲೆ ಕಂಬಳಿ ಹೊದ್ದು ಇಬ್ಬರು ಮುದುಕರ ಹಾಗೆ ಹೋಗುತ್ತೇವೆ.

ಕಾರಿಡಾರಿನಲ್ಲಿ ಸೆಕ್ರೆಟರಿ ಹಾರೆಸ್ ಎದುರಾದ. ಗೋಡೆ ಮೇಲಿನ ಸ್ಟಾನ್ ಎಕ್ರಾಯ್ಡ್ ಫೋಟೋ ಕಡೆ ತೋರಿಸಿ ಒಂದು ಬೆರಳು ಎತ್ತಿದ. ಒಂದು. ನಮ್ಮ ಹೆಬ್‌ವರ್ತ್ ಟೌನ್ ಫುಟ್‌ಬಾಲ್ ಕ್ಲಬ್ಬಿಗೆ ಎಕ್ರಾಯ್ಡ್ ಹೊಡೆದದ್ದು 131 ಗೋಲು, 1936ರಲ್ಲಿ ಮುಗಿಸಿದ. ನನ್ನವು 130.

ಮೂವತ್ತೈದಾಯಿತು. ಮೇ ತಿಂಗಳಾದ ಮೇಲೆ ಕಾಂಟ್ರಾಕ್ಟ್ ಇಲ್ಲ ಎಂದು ಮ್ಯಾನೇಜರ್ ಹೇಳಿಯಾಗಿದೆ. ಹದಿನಾಲ್ಕು ವರ್ಷ ಲೀಗಿನ ತಳದಲ್ಲಿ, ನಾಲ್ಕನೇ ಡಿವಿಷನ್ನಿನಲ್ಲೇ. ಕಪ್ ಇಲ್ಲ, ಬಡ್ತಿ ಇಲ್ಲ. ಆ ಗೋಡೆ ಮೇಲೆ ಒಂದು ಹೆಸರು ಬೇಕು. ಸುಳ್ಳೇಕೆ, ತುಂಬಾ ಬೇಕು.

ಮಧ್ಯಾಹ್ನ ಟೀ ರೂಮಿನಲ್ಲಿ ಈನಿಡ್. ನಮ್ಮ ಬಟ್ಟೆ ಒಗೆಯುವವರೂ ಅವರೇ, ಟೀ ಕೊಡುವವರೂ ಅವರೇ. ಶನಿವಾರ ಗೋಲು ಹೊಡೆದವನಿಗೆ ಸೋಮವಾರ ಈನಿಡ್ ಮಾಡಿದ ಮಾಂಸದ ಪೈ. ಮೇಲೆ ಹಿಟ್ಟಿನಲ್ಲೇ ಕತ್ತರಿಸಿ ಅಂಟಿಸಿದ ಅವನ ಇನಿಷಿಯಲ್. ನಾನು ತಿಂದು ತಿಂದು ಬೇಸತ್ತಿದ್ದೇನೆ. ನೆವ್‌ಗೆ ಇನ್ನೂ ಒಂದೂ ಸಿಕ್ಕಿಲ್ಲ. ನೆವಿಲ್ ಸಗ್ಡೆನ್, ಎಡಬದಿಯ ಬ್ಯಾಕ್, 406 ಮ್ಯಾಚ್, ಸೊನ್ನೆ ಗೋಲು.

"ನಿನ್ ಅಕ್ಷರ ಕತ್ತರಿಸೋದ್ ಯಾವಾಗೋ ನೆವಿಲ್? ನನ್ ಕೈ ನಡುಗಕ್ಕೆ ಶುರುವಾಯ್ತು."

"ಅವಸರ ಮಾಡ್ಬೇಡಿ ಈನಿಡ್. ನಂಗಿನ್ನೂ ಮೂವತ್ಮೂರು."

"ಎನ್ನು, ಎಸ್ಸು. ಎಸ್ಸು ಕಷ್ಟ ಕಣೋ, ಒಲೇಲಿ ಒಡೆದೋಗತ್ತೆ. ಮೊದಲೇ ಹೇಳು, ಎರಡು ಮಾಡಿಟ್ಕೋತೀನಿ."

ಎಲ್ಲರೂ ನಕ್ಕರು. ನೆವ್ ಕೂಡ. ಅವನ ಕಿವಿ ಮಾತ್ರ ಕೆಂಪಾಗಿತ್ತು.

ಶನಿವಾರ, 12 ಮಾರ್ಚ್, ಸಂಜೆ 7

131!

ಎಪ್ಪತ್ತೆಂಟನೇ ನಿಮಿಷ. ಮೊಣಕಾಲುದ್ದ ಕೆಸರು. ಕಾರ್ನರ್ ಕಿಕ್ಕನ್ನು ಅವರು ಅರ್ಧಂಬರ್ಧ ಆಚೆ ತಳ್ಳಿದರು, ನೆವ್ ದೂರದಿಂದ ಹೊಡೆದ, ನನ್ನ ಭುಜಕ್ಕೆ ತಾಗಿ ಒಳಗೆ. ಒಂದು–ಸೊನ್ನೆ, ಗೆದ್ದೆವು. ಎಲ್ಲ ನನ್ನ ಮೇಲೆ ಬಿದ್ದರು. ಹಾರೆಸ್ ಅತ್ತೇಬಿಟ್ಟ. ಫೋಟೋದವನು ಬಂದು ಎಕ್ರಾಯ್ಡ್ ಚಿತ್ರದ ಪಕ್ಕ ನಿಲ್ಲಿಸಿ ಕ್ಲಿಕ್ಕಿಸಿದ. ಡೊರೀನ್ ಕೆನ್ನೆಗೆ ಮುತ್ತು ಕೊಟ್ಟಳು, ಕೆಸರು ಕಂಡರೂ.

ತೊಡೆ ಚೆನ್ನಾಗಿದೆ.

ಭಾನುವಾರ, 13 ಮಾರ್ಚ್

ತಾಗಲಿಲ್ಲ.

ಇಲ್ಲಿಯೂ ಸುಳ್ಳು ಬರೆದೆನಲ್ಲ ನಿನ್ನೆ. ಯಾರಿಗಾಗಿ?

ಫಾರ್ವರ್ಡ್ ಆದವನ ಕೈ ತಲೆಗಿಂತ ಮೊದಲು ಏಳುತ್ತದೆ. ಗುಂಪಿನಲ್ಲಿ ಚೆಂಡು ಬಲೆ ಸೇರಿತೋ, ಕೈ ಎತ್ತು, ಓಡು. ಹದಿನಾರರಲ್ಲೇ ಕಲಿಸಿಬಿಡುತ್ತಾರೆ. ನನ್ನ 130ರಲ್ಲಿ ಮೂರೋ ನಾಲ್ಕೋ ಹಾಗೆ ಬಂದವೇ, ಎದುರಾಳಿಯ ಮೊಣಕಾಲಿನಿಂದ. ಅವಕ್ಕೆ ಯಾರೂ ತಲೆ ಕೆಡಿಸಿಕೊಂಡಿಲ್ಲ. ನಿನ್ನೆಯೂ ಕೈ ತಾನಾಗಿ ಎದ್ದಿತು. ಅಲ್ಲಿಯವರೆಗೆ ಸರಿ.

ಹೊಡೆದ ಕ್ಷಣಕ್ಕೇ ಅವರ ಎಂಟನೇ ನಂಬರಿನವನು ನೆವ್‌ಗೆ ಡಿಕ್ಕಿ ಹೊಡೆದಿದ್ದ. ಮುಖ ಕೆಸರಲ್ಲಿ. ಎದ್ದು ಕಣ್ಣು ಒರೆಸಿಕೊಳ್ಳುತ್ತಾ ಬಂದು ಕೇಳಿದ: "ಯಾರ್ದು?"

"ನಂದು. ಭುಜಕ್ಕೆ ತಾಗ್ತು."

ಕೈಗೆ ಕ್ಷಮೆ ಉಂಟು. ಬಾಯಿಗೆ ಇಲ್ಲ.

ವಾಪಸು ಬರುವಾಗ ಕಾರಿನಲ್ಲಿ ಮತ್ತೆ: "ನಿಜ್ವಾಗ್ಲೂ ತಾಗ್ತಾ?" "ತಾಗ್ತು ಮಾರಾಯ." ಸ್ವಲ್ಪ ದೂರ ಹೋಗಿ ಇನ್ನೊಮ್ಮೆ: "ಜೋರಾಗಾ?" "ಹೂಂ." ಅವನು ಸಿಗ್ನಲ್ಲಿನಲ್ಲಿ ನಿಲ್ಲಿಸಿ ನನ್ನ ಕೈ ಕುಲುಕಿದ. "ನಿನ್ 131ಕ್ಕೆ ಪಾಸ್ ಕೊಟ್ಟೋನು ನಾನು ಅಂತಾದ್ರೂ ಆಯ್ತಲ್ಲ" ಎಂದ. ಖುಷಿಯಾಗಿಯೇ ಅಂದ.

ಸೋಮವಾರ, 14 ಮಾರ್ಚ್

ಪೈ ಬಂತು. ಮೇಲೆ ಎಲ್.ಎಚ್., ಲೆನ್ ಹ್ಯಾಲಂ. ಒಂದು ತುತ್ತು ತಿಂದು ತಟ್ಟೆ ಸರಿಸಿದೆ.

"ಏನೋ, ದೊಡ್ಡ ಮನುಷ್ಯ ಆದ್ಮೇಲೆ ನನ್ ಪೈ ರುಚಿಸಲ್ವಾ?" ಈನಿಡ್.

"ಕೊಡಿ ಇಲ್ಲಿ, ಪಾಸ್ ಕೊಟ್ಟೋನ್ಗೂ ಪಾಲಿದೆ" ಎಂದು ನೆವ್ ಅರ್ಧ ಮುರಿದುಕೊಂಡ. ಎಚ್ ಅಕ್ಷರ ಅವನಿಗೆ ಹೋಯಿತು. ಬೆರಳು ಚೀಪುತ್ತಾ ತಿಂದ.

ನಾಳೆ ಹೇಳುತ್ತೇನೆ. ಅಥವಾ ಇನ್ನೊಂದು ಗೋಲು ಹೊಡೆದ ಮೇಲೆ. ಆಗ ನನ್ನದು ನನಗೇ ಸಾಕಷ್ಟಾಗುತ್ತದೆ, ಇದನ್ನು ವಾಪಸು ಕೊಡಬಹುದು. ಅಷ್ಟರಲ್ಲಿ ಅವನೂ ಒಂದು ಹೊಡೆದರೂ ಹೊಡೆದಾನು... ಹತ್ತು ಮ್ಯಾಚಿದೆ.

ಶನಿವಾರ, 26 ಮಾರ್ಚ್

ಸೋತೆವು. ನಾನು ಹೊಡೆಯಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ನೆವ್‌ನನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋದರು. ಬಲಮಂಡಿ. ಯಾರೂ ಮುಟ್ಟಿರಲಿಲ್ಲ, ತಿರುಗಿದ, ಬಿದ್ದ. ಆ ಶಬ್ದ ನನಗೆ ಕೇಳಿಸಿತು.

ಸೋಮವಾರ, 11 ಏಪ್ರಿಲ್

ಬರೆದಿಲ್ಲ. ಬರೆಯಲಾಗಲಿಲ್ಲ.

ಆಸ್ಪತ್ರೆಯಿಂದ ನೆವ್ ಮನೆಗೆ ಬಂದ. ಡಾಕ್ಟರು ನೇರವಾಗಿಯೇ ಹೇಳಿದರಂತೆ: ನಡೆಯಬಹುದು, ಆಡುವುದು ಮುಗಿಯಿತು. 409 ಮ್ಯಾಚ್.

ಸೊನ್ನೆ ಎಂದು ಹಾರೆಸ್‌ನ ಪುಸ್ತಕದಲ್ಲಿದೆ. ಸೊನ್ನೆಯಲ್ಲ. ಅದು ಗೊತ್ತಿರುವವನು ನಾನೊಬ್ಬನೇ.

ಬಸ್ಸಿನಲ್ಲಿ ಪ್ರಾಕ್ಟೀಸಿಗೆ ಹೋದೆ. ಬಸ್ಸಿನಲ್ಲಿ ಹೀಟರ್ ಇದೆ. ಮಂಡಿ ಬೆಚ್ಚಗಿತ್ತು, ಅದೂ ಹಿಂಸೆಯೇ.

ಭಾನುವಾರ, 17 ಏಪ್ರಿಲ್, ಮಧ್ಯಾಹ್ನ

ಹೇಳಿದೆ.

ನೆವ್ ತನ್ನ ಹಿತ್ತಲಿನ ಗಾಜಿನ ಸಸಿಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಟೊಮೇಟೊ ಸಸಿ ನಾಟುತ್ತಿದ್ದ. ಊರುಗೋಲು ಪಕ್ಕದಲ್ಲಿ. ಅವನ ಹೆಂಡತಿ ಮೌರೀನ್ ಟೀ ಕೊಟ್ಟು ಒಳಗೆ ಹೋದಳು. ಬರುವಾಗ ದಾರಿಯಲ್ಲಿ ಹತ್ತು ಥರ ಮಾತು ಜೋಡಿಸಿಕೊಂಡಿದ್ದೆ. ಒಂದೂ ನೆನಪಾಗಲಿಲ್ಲ.

"ನೆವ್, ಆ ಗೋಲು ನಂಗೆ ತಾಗಿರ್ಲಿಲ್ಲ."

"ಯಾವ್ದು?" ಎಂದವನು ಕುಂಡ ಕೆಳಗಿಟ್ಟ. "ಒಂದ್ ಚೂರೂ?"

"ಒಂದ್ ಚೂರೂ."

"ಕೇಳ್ದೆ ಅಲ್ವೇನೋ ನಿನ್ನ. ಗ್ರೌಂಡಲ್ಲೂ ಕೇಳ್ದೆ. ಕಾರಲ್ಲಿ ಎರಡ್ ಸಲ ಕೇಳ್ದೆ."

"ಹೂಂ, ಕೇಳ್ದೆ ನೀನು."

"ಮೌರೀನ್‌ಗೆ ನಾನೇನ್ ಹೇಳ್ದೆ ಗೊತ್ತಾ ಅವತ್ತು? ಲೆನ್ ಭುಜ ಅಡ್ಡ ಇಲ್ದಿದ್ರೆ ಹೊರಗ್ ಹೋಗ್ತಿತ್ತು, ನನ್ ಹಣೇಲಿ ಬರ್ದಿಲ್ಲ ಅಂದೆ. ನಾನೇ ಅಂದೆ ಕಣೋ!"

ಸಸಿಯ ಬೇರಿಗೆ ಮಣ್ಣು ಒತ್ತುತ್ತಲೇ ಇದ್ದ, ಒತ್ತಿದ್ದನ್ನೇ ಮತ್ತೆ ಒತ್ತುತ್ತಿದ್ದ. ನಾನು ಇನ್ನೇನೋ ಹೇಳಹೊರಟೆ.

"ಹೋಗು ಲೆನ್. ನಾನು ಕೆಟ್ಟದಾಗಿ ಏನಾದ್ರೂ ಅನ್ನೋಕ್ ಮುಂಚೆ ಎದ್ ಹೋಗು."

ಹೊಡೆದಿದ್ದರೆ ಚೆನ್ನಾಗಿತ್ತು.

ಸೋಮವಾರ, 18 ಏಪ್ರಿಲ್

ಹಾರೆಸ್‌ನ ಆಫೀಸಿಗೆ ಹೋದೆ. ಪುಸ್ತಕ ತೆಗೆಸಿದೆ. ಎಲ್ಲ ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಲೀಗ್‌ಗೆ ಕಾಗದ ಹೋಗಿ ಐದ್ ವಾರ ಆಯ್ತಲ್ಲಯ್ಯಾ. ಪೇಪರಲ್ಲಿ ಫೋಟೋ ಬಂತು. ಬೋರ್ಡಿನವ್ರು ನಿಂಗೇಂತ ಗಡಿಯಾರ ಬೇರೆ ಮಾಡಿಸೋಕ್ ಹೇಳಿದ್ದಾರೆ."

"ಹೊಡ್ದ್ ಹಾಕಿ ಹಾರೆಸ್."

"ಯಾರೂ ಕೇಳಿಲ್ಲ ಕಣೋ. ಯಾರಿಗೂ ಗೊತ್ತಾಗಲ್ಲ."

"ನೆವ್‌ಗೆ ಗೊತ್ತಾಯ್ತು."

ಸ್ಕೇಲ್ ಇಟ್ಟು ನನ್ನ ಹೆಸರಿನ ಮೇಲೆ ಗೆರೆ ಎಳೆದ. ಮೇಲೆ ಕೆಂಪು ಶಾಯಿಯಲ್ಲಿ ಬರೆದ: ಸಗ್ಡೆನ್. ನಲವತ್ತು ವರ್ಷದಲ್ಲಿ ಆ ಪುಸ್ತಕದಲ್ಲಿ ಕಾಟು ಹಾಕಿದ್ದು ಇದೇ ಮೊದಲಂತೆ. ಎಕ್ರಾಯ್ಡ್ ಮೇಲೆ ಅವನಿಗೆ ಮೊದಲಿಂದಲೂ ಪ್ರೀತಿ, ಆದರೂ ಗೆರೆ ಎಳೆಯುವಾಗ ಮುಖ ಸಣ್ಣದು ಮಾಡಿಕೊಂಡ.

ಡೊರೀನ್‌ಗೆ ಹೇಳಿದಾಗ "ಅದಕ್ಕೇ ಒಂದ್ ತಿಂಗಳಿಂದ ತೊಡೆ ವಿಷ್ಯ ಎತ್ತಿಲ್ಲ ನೀನು" ಎಂದಳು. ಬಂದು ಪಕ್ಕದಲ್ಲಿ ಕೂತಳು.

ಶನಿವಾರ, 23 ಏಪ್ರಿಲ್, ಸಂಜೆ

ಮ್ಯಾಚಿಗೆ ಮುಂಚೆ ಮೈಕಿನಲ್ಲಿ ಹೇಳಿಸಿದರು. ಮಾರ್ಚ್ ಹನ್ನೆರಡರ ಗೋಲು ನೆವಿಲ್ ಸಗ್ಡೆನ್‌ದು. ಪ್ರೇಕ್ಷಕರ ಸ್ಟ್ಯಾಂಡಿನಿಂದ ಚಪ್ಪಾಳೆ, ಜೋರಾಗಿ. ನೆವ್ ಬಂದಿರಲಿಲ್ಲ.

ಆಮೇಲೆ ನನ್ನ ಸರದಿ. ಗೆರೆ ದಾಟಿದ ಚೆಂಡಿನ ಥ್ರೋ ಯಾರದೆಂದು ರೆಫರಿ ನೋಡುತ್ತಿದ್ದಾಗ ಯಾರೋ ಕೂಗಿದರು: "ಹ್ಯಾಲಂ, ಅದೂ ನಿಂದೇ ಅಂತ ಹೇಳಪ್ಪಾ!" ಇಡೀ ಸ್ಟ್ಯಾಂಡ್ ನಕ್ಕಿತು. ನಗಲಿ.

ಈನಿಡ್ ಟೀ ಕೊಟ್ಟರು, ಸಕ್ಕರೆ ಹಾಕದೆ. ಕಪ್ ವಾಪಸು ಕೊಡುವಾಗ ಒಂದೇ ಮಾತು: "ಹನ್ನೊಂದ್ ವರ್ಷ ಕಾದಿದ್ದೆ ಆ ಎಸ್ ಕತ್ತರಿಸೋಕೆ. ಅವತ್ತು ನನ್ ಕೈಲಿ ನಿನ್ ಎಚ್ ಕತ್ತರಿಸೋ ಹಾಗ್ ಮಾಡ್ದ್ಯಲ್ಲೋ."

ನೆವ್ ಮನೆಯ ಫೋನು ಮೌರೀನ್ ಎತ್ತುತ್ತಾಳೆ. "ಇನ್ನೊಂದ್ ಸ್ವಲ್ಪ ದಿನ ಬಿಡಿ" ಎನ್ನುತ್ತಾಳೆ.

ಶನಿವಾರ, 7 ಮೇ, ಸಂಜೆ 8

ಕೊನೆಯ ಮ್ಯಾಚ್. ನನ್ನ ಕೊನೆಯದೂ.

ಸೊನ್ನೆ–ಸೊನ್ನೆ. ಎಂಬತ್ತೈದನೇ ನಿಮಿಷದಲ್ಲಿ ನಾನು ಹೊಡೆದದ್ದು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಕೈ ಅರ್ಧ ಎದ್ದಿತ್ತು, ನಾನೇ ಇಳಿಸಿದೆ. 130ಕ್ಕೆ ನಿಂತೆ. ಎಕ್ರಾಯ್ಡ್ ಗೋಡೆ ಮೇಲೆ ಒಬ್ಬನೇ ಇರಲಿ, ಅಭ್ಯಾಸ ಆಗಿದೆ ಅವನಿಗೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೂ ಹೋದ ಮೇಲೂ ಕೂತಿದ್ದೆ. ಬೂಟಿನ ದಾರ ಬಿಚ್ಚಲು ಮನಸ್ಸಿರಲಿಲ್ಲ. ಬಾಗಿಲಲ್ಲಿ ಕೋಲಿನ ಸದ್ದು. ನೆವ್! ಹಿಂದೆ ಈನಿಡ್, ಬಟ್ಟೆ ಮುಚ್ಚಿದ ತಟ್ಟೆ ಹಿಡಿದು. ಸೋಮವಾರವಲ್ಲ, ಆದರೂ ಪೈ. ಎನ್.ಎಸ್. ಎಸ್ ಒಡೆದಿರಲಿಲ್ಲ.

"ಮೂರ್ ಎಸ್ ಹಾಳಾಯ್ತು" ಎಂದು ಬೆಂಚಿನ ಮೇಲಿಟ್ಟು ಈನಿಡ್ ಮೂಗು ಒರೆಸಿಕೊಳ್ಳುತ್ತಾ ಹೋಗಿಬಿಟ್ಟರು.

ನೆವ್ ಕಷ್ಟಪಟ್ಟು ಕೂತ. ಪೈಯನ್ನೇ ನೋಡಿದ. ಮುರಿಯಲಿಲ್ಲ.

"ನಿನ್ ಮೇಲೆ ಇನ್ನೂ ಕೋಪ ಇದೆ."

"ಇರ್ಲಿ."

"ಮೌರೀನ್ ಅಂದ್ಲು, ಕೋಪ ಇಟ್ಕೊಂಡೇ ಹೋಗು, ಹೋಗೋದ್ ಹೋಗು ಅಂತ." ಕೋಲನ್ನು ಅತ್ತ ಇತ್ತ ತಿರುಗಿಸಿದ. "ಲೆನ್, ಒಂದ್ ಕೇಳ್ಲಾ? ಅದು ಹ್ಯಾಗ್ ಹೋಯ್ತು?"

"ಯಾವ್ದು?"

"ನನ್ ಗೋಲು ಕಣೋ. ನಾನು ನೋಡೇ ಇಲ್ವಲ್ಲ. ಮುಖ ಕೆಸರಲ್ಲಿತ್ತು. ಮಿಕ್ಕೋರ್ನ ಕೇಳಿದ್ರೆ ನಿನ್ ಕೈ ಎದ್ದಿದ್ದೇ ನೋಡಿದ್ದು ಅಂತಾರೆ. ಹತ್ರದಿಂದ ನೋಡ್ದೋನು ನೀನೊಬ್ಬ."

ಗೋಲು ಕದ್ದದ್ದು ಗೊತ್ತಿತ್ತು. ಅದರ ನೋಟವೂ ನನ್ನ ಹತ್ತಿರವೇ ಉಳಿದಿದೆ ಎಂದು ಹೊಳೆದೇ ಇರಲಿಲ್ಲ.

ಬೆಂಚಿನ ಮೇಲೆ ಜೋಡಿಸಿ ಹೇಳಿದೆ. ಸೋಪು ಕಂಬ, ಟವೆಲು ಬಲೆ, ಕೊನೆಗೂ ಬಿಚ್ಚಿದ ಬೂಟು ಗೋಲ್‌ಕೀಪರ್. ಅವನು ಅದನ್ನೆಲ್ಲ ಒಮ್ಮೆ ನೋಡಿ, ಕಣ್ಣು ಮುಚ್ಚಿಕೊಂಡು ಕೇಳಿದ. "ಇನ್ನೊಂದ್ ಸಲ" ಎಂದ. ಹೇಳಿದೆ. "ಕೀಪರ್ ಕೈಗೆ ಎಟುಕ್ತಿತ್ತಾ?" "ಇನ್ನೊಬ್ಬ ಕೀಪರ್ ಇದ್ದಿದ್ರೂ ಎಟುಕ್ತಿರ್ಲಿಲ್ಲ." ಮೂರನೇ ಸಲ ಹೇಳುವಾಗ ಇಬ್ಬರೂ ಅಳುತ್ತಿದ್ದೆವು. ಆಮೇಲೆ ಪೈ ಮುರಿದು ಎನ್ ನನಗೆ ಕೊಟ್ಟ. ಎಸ್ ಅವನೇ ತಿಂದ.

"ಬರ್ದ್ ಕೊಡೋ. ನೀನು ಅದೇನೋ ಬರೀತಿರ್ತೀಯಂತಲ್ಲ, ಡೊರೀನ್ ಹೇಳಿದ್ಲು. ನಾಳೆ ಊಟಕ್ ಬನ್ನಿ ಇಬ್ರೂ, ಹನ್ನೆರಡಕ್ಕೆ ಕರ್ಕೊಂಡ್ ಹೋಗಕ್ಕೆ ಮೌರೀನ್ ಕಾರ್ ತರ್ತಾಳೆ. ಆಗ ಕೊಡು."

ಭಾನುವಾರ, 8 ಮೇ, ಬೆಳಗ್ಗೆ 11.40

ಒಳ್ಳೆಯ ಹಾಳೆಗೆ ಇಳಿಸುವ ಮೊದಲು ಇಲ್ಲಿ.

ಕಾರ್ನರ್. ನಾನು ಗೋಲಿನ ಮುಂದಿನ ಆರು ಗಜದ ಗೆರೆಯಲ್ಲಿ, ಮುಂದೆ ಇಬ್ಬರು. ಚೆಂಡು ಎಡಗಿವಿಯ ಪಕ್ಕದಲ್ಲಿ ಹೋಯಿತು. ಗಾಳಿ ತಾಗಿತು, ಚೆಂಡು ತಾಗಲಿಲ್ಲ. ತಿರುಗಿ ನೋಡಿದೆ. ಬಲೆ ಅಲುಗುವ ಮೊದಲೇ ನನ್ನ ಕೈ—

ಇಲ್ಲ. ನನ್ನ ಕೈ ಇದರಲ್ಲಿ ಬೇಡ. ನನ್ನ ಕಿವಿಯೂ ಬೇಡ.

ಹೊರಗೆ ಹಾರನ್. ಡೊರೀನ್ ಕೂಗುತ್ತಿದ್ದಾಳೆ. ಬೇಗ, ಮೊದಲಿನಿಂದ:

ಎಪ್ಪತ್ತೆಂಟನೇ ನಿಮಿಷ. ನೆವಿಲ್ ಸಗ್ಡೆನ್ ಎಡಬದಿಯಿಂದ ಓಡಿಬಂದ, ತಲೆ ಎತ್ತಿ ಒಮ್ಮೆ ನೋಡಿದ, ಆಮೇಲೆ—